ಬರಕೊಂಡು ಹೋದವರು

ಹಳ್ಳಿ ಜೀವನ ಕಲಿತುಕೊಂಡು ಬನ್ನಿ ಅಂತ ನಮ್ಮನ್ನು ಏಳು ದಿನ ಹಳ್ಳಿಗೆ ಕಳಿಸಿದರು. ಆಗ ನಾವು ಡಿಗ್ರಿ ಎರಡನೇ ವರ್ಷ. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರ. ಐವತ್ತು ಮಂದಿ ಹುಡುಗ ಹುಡುಗಿಯರು, ಒಂದು ಬ್ಯಾನರು, ನಾಲ್ಕು ಜಮಖಾನ, ಬಾಡಿಗೆ ಪಾತ್ರೆ, ಹನ್ನೆರಡು ಸಲಿಕೆ, ಒಂದು ಕಟ್ಟು ಸರ್ವೆ ಫಾರಂ. ಊರಿಗಾಂನಿಂದ ಹೊರಟ ಬಸ್ಸು ಬಂಗಾರಪೇಟೆ ದಾಟಿ ಒಂದು ಹಳ್ಳಿಯ ಶಾಲೆ ಮುಂದೆ ನಿಂತಿತು. ಆ ಹಳ್ಳಿಯ ಹೆಸರು ಇಲ್ಲಿ ಬೇಡ. ಅಲ್ಲಿ ನಡೆದದ್ದು ಆ ಒಂದು ಹಳ್ಳಿಯಲ್ಲಿ ಮಾತ್ರ ನಡೆಯುವಂಥದ್ದಲ್ಲ.

ನಮ್ಮಲ್ಲಿ ಅರ್ಧ ಮಂದಿ ಗಣಿಯ ಲೈನ್ ಮನೆಗಳಲ್ಲಿ ಹುಟ್ಟಿದವರು. ಇನ್ನರ್ಧ ಮಂದಿ ಸುತ್ತಲ ಹಳ್ಳಿಗಳ ಕೇರಿಗಳಿಂದ ದಿನಾ ಬಸ್ಸು ಹತ್ತಿ ಕಾಲೇಜಿಗೆ ಬರುವವರು. ಬೇರೆಯವರೂ ಇದ್ದರು, ಕಡಿಮೆ. ಲೈನಿನವರಾಗಲಿ ಕೇರಿಯವರಾಗಲಿ, ನಮ್ಮ ಮನೆಗಳಲ್ಲಿ ನಮಗಿಂತ ಮುಂಚೆ ಯಾರೂ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಲೈನ್ ಹುಡುಗರ ಮುತ್ತಾತಂದಿರು ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಕಡೆಯ ಹಳ್ಳಿಗಳನ್ನು ಬಿಟ್ಟು ಬಂದವರು. ಬಿಟ್ಟು ಬಂದರು ಅನ್ನೋದು ಮೆತ್ತನೆಯ ಮಾತು. ಜೀತದಿಂದ, ಸಾಲದಿಂದ, ಹಸಿವಿನಿಂದ ತಪ್ಪಿಸಿಕೊಂಡು ಬಂದರು ಅನ್ನಬೇಕು. ಅಂಥವರ ಮರಿಮಕ್ಕಳನ್ನು ಕರೆದು ಹಳ್ಳಿ ನೋಡಿ ಕಲಿಯಿರಿ ಅಂದರು. ಕೇರಿಯ ಹುಡುಗರನ್ನು ಬೆಳಗ್ಗೆ ಎದ್ದು ಬಂದ ಜಾಗಕ್ಕೇ ವಾಪಸ್ಸು ಕರಕೊಂಡು ಹೋಗಿ, ಇದು ಹಳ್ಳಿ, ಇದನ್ನು ಅಧ್ಯಯನ ಮಾಡಿ ಅಂದರು. ಇದರಲ್ಲಿ ಏನೋ ತಲೆಕೆಳಗಾಗಿದೆ ಅಂತ ಆವತ್ತೇ ಅನ್ನಿಸಿತ್ತು. ಏನು ಅಂತ ಹೇಳೋಕೆ ಬರಲಿಲ್ಲ.

ಆಮೇಲೆ ಓದಿಕೊಂಡೆವು. ಹಳ್ಳಿಗೆ ಹೋಗಿ ನೋಡುವುದು, ಬರಕೊಳ್ಳುವುದು ಈ ಸೀಮೆಯಲ್ಲಿ ಹೊಸದಲ್ಲ. ಅದಕ್ಕೆ ಇನ್ನೂರು ವರ್ಷಕ್ಕೂ ಮೀರಿದ ಚರಿತ್ರೆ ಇದೆ. ಆ ಚರಿತ್ರೆಯನ್ನು ನಮ್ಮ ಕಡೆಯಿಂದ ಒಮ್ಮೆ ನೋಡಬೇಕಾಗಿದೆ. ಯಾಕೆಂದರೆ ಇವತ್ತೂ ಪ್ರತಿವರ್ಷ ಸಾವಿರಾರು ಹುಡುಗರು ಫಾರಂ ಹಿಡಿದು ಹಳ್ಳಿಗಳಿಗೆ ಹೋಗುತ್ತಿದ್ದಾರೆ. ಅವರಲ್ಲಿ ನಮ್ಮವರೇ ಬಹಳ.

*

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಗೆದ್ದವರು ಗೆದ್ದ ಸೀಮೆಯನ್ನು ಅಳೆಯೋಕೆ ಹೊರಟರು. 1802ರಲ್ಲಿ ಮೈಸೂರಿನ ಪೂರ್ವದ ಗಡಿ ಅಳೆಯಲು ಬಂದವನು ಲೆಫ್ಟಿನೆಂಟ್ ಜಾನ್ ವಾರೆನ್. ಈ ಕಡೆಯ ಮಣ್ಣಿನಲ್ಲಿ ಚಿನ್ನ ಇದೆಯಂತೆ ಅನ್ನೋ ಮಾತು ಅವನ ಕಿವಿಗೆ ಬಿತ್ತು. ತೋರಿಸಿಕೊಟ್ಟವರಿಗೆ ಇನಾಮು ಅಂತ ಸಾರಿದ. ಊರಿಗಾಂನ ಜನ ಗಾಡಿಗಳಲ್ಲಿ ಮಣ್ಣು ಹೇರಿಕೊಂಡು ಬಂದರು. ಅವನ ಕಣ್ಣೆದುರಿಗೇ ನೀರಿನಲ್ಲಿ ತೊಳೆದರು. ತಳದಲ್ಲಿ ಚಿನ್ನದ ಕಣ ಮಿನುಗಿತು. ಸುಮಾರು 56 ಕಿಲೋ ಮಣ್ಣಿಗೆ ಒಂದು ಗ್ರೇನ್ ಚಿನ್ನ ಅಂತ ಲೆಕ್ಕ ಸಿಕ್ಕಿತು. ಮಾರಿಕುಪ್ಪಂನಲ್ಲಿ ಜನ ಗುಂಡಿಯೊಳಗೆ ಇಳಿದು ಕಲ್ಲು ಅಗೆಯುತ್ತಿದ್ದರು. ಅವರು ಪರೆಯರು ಅಂತ ವಾರೆನ್ ಬರೆದ. ಕಲ್ಲಿನ ಬುಟ್ಟಿ ಕೈಯಿಂದ ಕೈಗೆ ಮೇಲೆ ಬರುತ್ತಿತ್ತು. ಹೆಂಗಸರು ಅದನ್ನು ಬಂಡೆ ಮೇಲೆ ಹಾಕಿ ಕುಟ್ಟಿ ಪುಡಿ ಮಾಡುತ್ತಿದ್ದರು. ಆಮೇಲೆ ತೊಳೆಯೋದು.

ಊರಿಗಾಂಗೆ ಕಾಗದ, ಮಸಿ ಹಿಡಿದು ಬಂದವರ ಪೈಕಿ ನಮಗೆ ತಿಳಿದಿರುವ ಮೊದಲ ಹೆಸರು ಇವನದು. ಇಲ್ಲಿ ಗುರು ಯಾರು, ಶಿಷ್ಯ ಯಾರು? ವಿದ್ಯೆ ಇದ್ದದ್ದು ಮಣ್ಣು ತೊಳೆದವರ ಹತ್ತಿರ. ಯಾವ ಮಣ್ಣಿನಲ್ಲಿ ಚಿನ್ನ ಇದೆ, ಎಷ್ಟು ನೀರು ಹಾಕಬೇಕು, ಮರದ ತಟ್ಟೆಯನ್ನು ಹೇಗೆ ಆಡಿಸಬೇಕು ಅನ್ನೋದು ಅವರಿಗೆ ಗೊತ್ತಿತ್ತು. ವಾರೆನ್ ಕಲಿತ, ಬರಕೊಂಡ, ಹೋದ. 1804ರಲ್ಲಿ ಅವನ ವರದಿ ಅಚ್ಚಾಯಿತು. ಚಿನ್ನ ಕಂಡುಹಿಡಿದವರು ಯಾರು ಅಂದರೆ ಇವತ್ತು ಶಾಲೆ ಹುಡುಗರೂ ವಾರೆನ್ ಹೆಸರು ಹೇಳುತ್ತಾರೆ. ಗಾಡಿ ಹೊಡಕೊಂಡು ಬಂದವನ ಹೆಸರು, ಬಂಡೆ ಮೇಲೆ ಕಲ್ಲು ಕುಟ್ಟಿದವಳ ಹೆಸರು ನಮಗೆ ಯಾರೂ ಹೇಳಿಕೊಟ್ಟಿಲ್ಲ.

ಕನ್ನಡದಲ್ಲಿ ಜಲಗಾರ ಅನ್ನೋ ಒಂದು ಮಾತಿದೆ. ಮಣ್ಣು ತೊಳೆದು ಚಿನ್ನದ ಕಣ ಹೆಕ್ಕುವವನು ಅಂತಲೂ ಅದಕ್ಕೆ ಅರ್ಥ, ಬೀದಿ ಗುಡಿಸುವವನು ಅಂತಲೂ ಅರ್ಥ. ಕುವೆಂಪು ತಮ್ಮ ನಾಟಕಕ್ಕೆ ಇಟ್ಟ ಹೆಸರೂ ಅದೇ. ಚಿನ್ನ ತೆಗೆಯುವ ಕೈ, ಕಸ ತೆಗೆಯುವ ಕೈ ಎರಡಕ್ಕೂ ಭಾಷೆ ಒಂದೇ ಹೆಸರಿಟ್ಟಿತು. ಸಮಾಜ ಆ ಎರಡು ಕೈಗೂ ಒಂದೇ ಜಾಗ ಕೊಟ್ಟಿತು, ಊರಾಚೆ.

ವಾರೆನ್ ಬರೆದಿಟ್ಟದ್ದನ್ನು ಹಿಡಿದು ಎಪ್ಪತ್ತು ವರ್ಷದ ಮೇಲೆ ಬಂದವನು ಮೈಕೇಲ್ ಲವೆಲ್. ನ್ಯೂಜಿಲೆಂಡ್ ಯುದ್ಧ ನೋಡಿ ಬೆಂಗಳೂರಿನಲ್ಲಿ ನೆಲೆಸಿದ್ದ ಹಳೇ ಸಿಪಾಯಿ. 1873ರಲ್ಲಿ ಸರ್ಕಾರಕ್ಕೆ ಬರೆದುಕೊಂಡ, 1875ರಲ್ಲಿ ಇಪ್ಪತ್ತು ವರ್ಷದ ಪರವಾನಗಿ ಪಡೆದ. ಆಳದ ಕೆಲಸಕ್ಕೆ ದುಡ್ಡು ಸಾಲದೆ ಹಕ್ಕನ್ನು ಬೇರೆಯವರಿಗೆ ವಹಿಸಿದ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾಲಿಟ್ಟಿತು. ಆಮೇಲೆ ನೆಲದ ಮೇಲೆ ಬರೀ ಸಾಹೇಬರ ಹೆಸರು. ಮೈಸೂರು ಕಮಿಷನರ್ ಬೌರಿಂಗನ ಹೆಸರಲ್ಲಿ ಬೌರಿಂಗ್ ಪೇಟೆ, ಅದೇ ಈಗಿನ ಬಂಗಾರಪೇಟೆ. ರಾಬರ್ಟ್‌ಸನ್ ಪೇಟೆ. ಆಂಡರ್‌ಸನ್ ಪೇಟೆ. ಬೆಂಗಳೂರಿನಲ್ಲಿ ಲವೆಲ್ ರಸ್ತೆ. ಊರಿಗಾಂ, ಮಾರಿಕುಪ್ಪಂ ಅನ್ನೋ ಹಳ್ಳಿಯ ಹೆಸರುಗಳು ರೈಲು ನಿಲ್ದಾಣದ ಹಲಗೆ ಮೇಲೆ ಉಳಿದವು.

*

ಗಣಿಗೆ ಜನ ಬೇಕಾಯಿತು. ಆರ್ಕಾಟಿನ, ಚಿತ್ತೂರಿನ ಹಳ್ಳಿಗಳ ಕೇರಿಗಳಿಂದ ಗುಂಪು ಗುಂಪಾಗಿ ಬಂದರು. 1901ರ ಜನಗಣತಿಯ ಹೊತ್ತಿಗೆ ಕೋಲಾರ ಚಿನ್ನದ ಗಣಿಯಲ್ಲಿ 38 ಸಾವಿರ ಜನ. ಸಾಹೇಬರಿಗೆ ತೋಟದ ನಡುವೆ ಬಂಗಲೆ. ಕೂಲಿಗಳಿಗೆ ಬಿದಿರು ತಟ್ಟಿಯ ಗುಡಿಸಲು, ಸಾಲು ಸಾಲಾಗಿ. ಅದೇ ಲೈನು. 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ 92 ಮೈಲಿ ತಂತಿ ಎಳೆದು ಗಣಿಗೆ ಕರೆಂಟು ತಂದರು. ಬೆಂಗಳೂರಿನ ಬೀದಿಗೂ ಆಗ ವಿದ್ಯುತ್ ದೀಪ ಇರಲಿಲ್ಲ.

ಲೈನು ಸ್ವರ್ಗವಾಗಿರಲಿಲ್ಲ. ಕೆಳಗೆ ಬಂಡೆ ಸಿಡಿಯುತ್ತಿತ್ತು, ಮೇಲೆ ಧೂಳು ಶ್ವಾಸಕೋಶ ತಿನ್ನುತ್ತಿತ್ತು. ಆದರೂ ನಮ್ಮ ಹಿರಿಯರು ಹಳ್ಳಿಗೆ ವಾಪಸ್ಸು ಹೋಗದೆ ಇಲ್ಲೇ ಯಾಕೆ ನಿಂತರು? ಇಲ್ಲಿ ಸಂಬಳದ ದಿನ ಕಾಸು ಕೈಗೆ ಬರುತ್ತಿತ್ತು. ಗೌಡನ ಹಟ್ಟಿ ಮುಂದೆ ಕೂಳಿಗೆ ಕಾಯಬೇಕಾಗಿರಲಿಲ್ಲ. ಚಪ್ಪಲಿ ಹಾಕಿಕೊಂಡು ಬೀದಿಯಲ್ಲಿ ನಡೆಯಬಹುದಿತ್ತು. ನೆಲದಡಿಯ ಕತ್ತಲೆಗಿಂತ ಹಳ್ಳಿಯ ಬೆಳಕು ಅವರಿಗೆ ಹೆಚ್ಚು ಭಯ ತಂದಿತ್ತು ಅನ್ನೋದನ್ನು ಹಳ್ಳಿಯನ್ನು ಹೊಗಳಿ ಹಾಡು ಕಟ್ಟುವವರು ಒಂದು ಸಲ ಯೋಚಿಸಬೇಕು.

ಈ ಜನ ಬರೀ ಬರೆಸಿಕೊಂಡವರಲ್ಲ, ಬರೆದವರು ಕೂಡ. ಮದ್ರಾಸಿನಲ್ಲಿ ಪಂಡಿತ ಅಯೋತಿ ದಾಸರು 1907ರಲ್ಲಿ ಶುರುಮಾಡಿದ ಪತ್ರಿಕೆ 'ತಮಿಳನ್'. ಅದಕ್ಕೆ ಗಣಿಯ ಲೈನುಗಳಲ್ಲಿ ಓದುಗರಿದ್ದರು. ಮಾರಿಕುಪ್ಪಂ, ಚಾಂಪಿಯನ್ ರೀಫ್‌ಗಳಲ್ಲಿ ಶಾಕ್ಯ ಬೌದ್ಧ ಸಂಘದ ಶಾಖೆಗಳಿದ್ದವು. ಅಯೋತಿ ದಾಸರು 1914ರಲ್ಲಿ ತೀರಿಕೊಂಡರು. 1920ರ ದಶಕದಲ್ಲಿ ಆ ಪತ್ರಿಕೆ ಮತ್ತೆ ಹುಟ್ಟಿದ್ದು ಇದೇ ಗಣಿ ಊರಿನಲ್ಲಿ, ಪಂಡಿತ ಅಪ್ಪಾದುರೈ ಅವರ ಸಂಪಾದಕತ್ವದಲ್ಲಿ. ಪಾಳಿ ಮುಗಿಸಿ ಬಂದವರು ಪತ್ರಿಕೆ ಓದಿಸಿ ಕೇಳುತ್ತಿದ್ದ ಊರು ಇದು.

ಇನ್ನೊಂದು ಸಂಗತಿ. 1930ರಲ್ಲಿ ಕಂಪನಿ ಎಲ್ಲ ಕೂಲಿಗಳ ಬೆರಳಚ್ಚು ತೆಗೆದು ನೋಂದಣಿ ಮಾಡುತ್ತೇವೆ ಅಂದಿತು. ಜನ ಒಪ್ಪಲಿಲ್ಲ. ಕೆಲಸ ನಿಲ್ಲಿಸಿದರು. 21 ದಿನ ಗಣಿ ನಿಂತಿತು. ಬೆರಳಿಗೆ ಮಸಿ ಹತ್ತಿದರೆ ಏನಾಗುತ್ತೆ ಅಂತ ಕೇಳಬಹುದು. ಬೆರಳಚ್ಚು ತೆಗೆಯೋದು ಕಳ್ಳರದ್ದು ಅಂತ ಅವರಿಗೆ ಗೊತ್ತಿತ್ತು. ಒಂದು ಗಣಿಯಲ್ಲಿ ಹೊರಗೆ ಹಾಕಿಸಿಕೊಂಡವನು ಇನ್ನೊಂದು ಗಣಿಯಲ್ಲಿ ಕೆಲಸ ಹಿಡಿಯದ ಹಾಗೆ ಮಾಡೋಕೆ ಈ ಪುಸ್ತಕ ಅನ್ನೋದೂ ಗೊತ್ತಿತ್ತು. ನಮ್ಮನ್ನು ಯಾಕೆ ಬರಕೊಳ್ಳುತ್ತೀರಿ, ಆ ಪುಸ್ತಕ ಯಾರ ಕೈಲಿರುತ್ತೆ ಅಂತ ಓದು ಬಾರದ ಜನ ಕೇಳಿದ ಪ್ರಶ್ನೆ ಅದು. ಡಿಗ್ರಿ ಓದುತ್ತಿದ್ದ ನಾವು ಶಿಬಿರದಲ್ಲಿ ಆ ಪ್ರಶ್ನೆ ಕೇಳಲಿಲ್ಲ.

*

ನಮ್ಮ ಮುತ್ತಾತಂದಿರು ಬಿಟ್ಟು ಬಂದ ಆರ್ಕಾಟಿನ ಹಳ್ಳಿಗಳಿಗೆ ಕಾಲೇಜು ಹುಡುಗರು ಪ್ರಶ್ನೆಪಟ್ಟಿ ಹಿಡಿದು ಹೋದದ್ದೂ ಒಂದು ಕತೆ. 1916ರಲ್ಲಿ ಮದ್ರಾಸು ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರ ಪ್ರಾಧ್ಯಾಪಕ ಗಿಲ್ಬರ್ಟ್ ಸ್ಲೇಟರ್ ತನ್ನ ವಿದ್ಯಾರ್ಥಿಗಳಿಗೆ ಪ್ರಶ್ನೆಗಳ ಪಟ್ಟಿ ಕೊಟ್ಟು, ನಿಮ್ಮ ನಿಮ್ಮ ಹಳ್ಳಿಗೆ ಹೋಗಿ ವಿಚಾರಿಸಿಕೊಂಡು ಬನ್ನಿ ಅಂದ. ಪುಸ್ತಕದ ಅರ್ಥಶಾಸ್ತ್ರ ಇಂಗ್ಲೆಂಡಿನದು, ನಿಮ್ಮ ನೆಲದ್ದು ನೀವೇ ತಿಳಿಯಿರಿ ಅನ್ನೋದು ಅವನ ವಾದ. ಒಳ್ಳೇ ವಾದ. ಅವರು ತಂದದ್ದೆಲ್ಲ ಸೇರಿ 1918ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕವಾಯಿತು. ಅದರಲ್ಲಿ ಉತ್ತರ ಆರ್ಕಾಟಿನ ದೂಸಿ ಇದೆ, ದಕ್ಷಿಣ ಆರ್ಕಾಟಿನ ಇರುವೇಲ್‌ಪಟ್ಟು ಇದೆ. ಇರುವೇಲ್‌ಪಟ್ಟಿನ ವರದಿಯಲ್ಲಿ ಪಡಿಯಾಳುಗಳ ಮಾತು ಬರುತ್ತದೆ. ಸಾಲಕ್ಕೆ ಸಿಕ್ಕಿ ತಲೆತಲಾಂತರ ಒಬ್ಬ ಒಡೆಯನ ಹೊಲಕ್ಕೆ ಕಟ್ಟುಬಿದ್ದ ಜನ. ನಮ್ಮ ಕಡೆ ಜೀತದಾಳು ಅನ್ನುವುದನ್ನೇ ಅಲ್ಲಿ ಹಾಗೆ ಅನ್ನುತ್ತಾರೆ.

ಆ ಕಾಲದಲ್ಲಿ ಮದ್ರಾಸಿನ ಕಾಲೇಜುಗಳಿಗೆ ಯಾರ ಮಕ್ಕಳು ಹೋಗುತ್ತಿದ್ದರು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಬಹುಪಾಲು ಬ್ರಾಹ್ಮಣರ, ಜಮೀನುಳ್ಳವರ ಮಕ್ಕಳು. ಅವರು ರಜೆಯಲ್ಲಿ ಊರಿಗೆ ಹೋಗಿ ತಮ್ಮ ಊರಿನ ಆಳುಗಳ ಲೆಕ್ಕ ಬರೆದರು. ಬರೆದದ್ದು ಸುಳ್ಳಲ್ಲ. ಇವತ್ತು ನಾವು ನಮ್ಮ ಹಿರಿಯರು ಯಾಕೆ ಓಡಿ ಬಂದರು ಅಂತ ತಿಳಿಯೋಕೆ ಆ ಪುಸ್ತಕವನ್ನೇ ತೆಗೆಯಬೇಕು. ಆದರೆ ಆ ಪಡಿಯಾಳು ಒಬ್ಬನೇ ಒಬ್ಬ ಒಂದು ರಾತ್ರಿ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಮಾರಿಕುಪ್ಪಂ ದಾರಿ ಹಿಡಿದಾಗ ಅವನ ಎದೆಯಲ್ಲಿ ಏನಿತ್ತು? ಅದಕ್ಕೆ ಸ್ಲೇಟರನ ಪಟ್ಟಿಯಲ್ಲಿ ಪ್ರಶ್ನೆಯಿಲ್ಲ. ಒಂದು ಮಾತು ಮಾತ್ರ ಅವರ ಪರವಾಗಿ ಹೇಳಬೇಕು. ಆ ಹಳ್ಳಿಗಳಿಗೆ ವಿದ್ವಾಂಸರು 1936-37ರಲ್ಲಿ ತಿರುಗಿ ಹೋದರು. ಏನು ಬದಲಾಗಿದೆ ಅಂತ ಮತ್ತೆ ಅಳೆದರು. ಒಂದು ಸಲ ಹೋಗಿ ಸುಮ್ಮನಾಗಲಿಲ್ಲ.

ಇನ್ನು ನಮ್ಮ ಕನ್ನಡ ಸೀಮೆಯ ಹಳ್ಳಿ. ಸಮಾಜಶಾಸ್ತ್ರ ಓದಿದವರಿಗೆಲ್ಲ ಗೊತ್ತಿರೋದು ಎಂ.ಎನ್. ಶ್ರೀನಿವಾಸ್ ಅವರ ರಾಂಪುರ. ಮೈಸೂರಿನ ಹತ್ತಿರದ ಕೊಡಗಹಳ್ಳಿಗೆ ಅವರು ಇಟ್ಟ ಹೆಸರು ಅದು. 1948ರಲ್ಲಿ ಅಲ್ಲಿ ಹೋಗಿ ಉಳಿದರು. ಉಳಿದದ್ದು ಊರ ಪಟೇಲರಿಗೆ ಸೇರಿದ ಎತ್ತಿನ ಮನೆಯಲ್ಲಿ. ಇಪ್ಪತ್ತೆರಡು ವರ್ಷದ ಮೇಲೆ, 1970ರಲ್ಲಿ, ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿ ಬಿದ್ದು ಅವರ ಟಿಪ್ಪಣಿಗಳು ಸುಟ್ಟವು. ಆಮೇಲೆ ನೆನಪಿನಿಂದಲೇ ಬರೆದ 'ದಿ ರಿಮೆಂಬರ್ಡ್ ವಿಲೇಜ್' 1976ರಲ್ಲಿ ಬಂತು. ದೊಡ್ಡ ಪುಸ್ತಕ, ಅದರಲ್ಲಿ ಅನುಮಾನವಿಲ್ಲ. ತಮ್ಮ ನೋಟ ಮೇಲ್ಜಾತಿಯ ಜಗುಲಿಯಿಂದ ಬಂದದ್ದು ಅನ್ನೋದನ್ನು ಅವರು ಮುಚ್ಚಿಡುವುದೂ ಇಲ್ಲ. ಎರಡು ವರ್ಷದ ಮೇಲೆ, 1978ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯದ ಸಮಾಜಶಾಸ್ತ್ರ ಪ್ರಾಧ್ಯಾಪಕಿ ಸಿ. ಪಾರ್ವತಮ್ಮ ಅದಕ್ಕೆ ವಿಮರ್ಶೆ ಬರೆದರು. ಇದು ಬ್ರಾಹ್ಮಣ ದೃಷ್ಟಿಯ ಪಯಣ ಅಂತ ತಲೆಬರಹದಲ್ಲೇ ಹೇಳಿದರು. ಹಳ್ಳಿಗೆ ಹೋದವನು ರಾತ್ರಿ ಎಲ್ಲಿ ಮಲಗಿದ, ಯಾರ ಮನೆಯಲ್ಲಿ ಉಂಡ ಅನ್ನೋದು ಅವನ ಶಾಸ್ತ್ರವನ್ನೇ ತೀರ್ಮಾನ ಮಾಡುತ್ತೆ ಅನ್ನೋ ಪಾಠವನ್ನು ನಾವು ಆ ಜಗಳದಿಂದ ಕಲಿಯಬೇಕು.

*

ನಮ್ಮನ್ನು ಹಳ್ಳಿಗೆ ಕಳಿಸಿದ ಯೋಜನೆ ಹುಟ್ಟಿದ್ದು ಗಾಂಧಿ ಶತಮಾನೋತ್ಸವದ ವರ್ಷ, 24 ಸೆಪ್ಟೆಂಬರ್ 1969ರಂದು. ಆಗ ಕೇಂದ್ರದಲ್ಲಿ ಶಿಕ್ಷಣ ಮಂತ್ರಿಯಾಗಿದ್ದವರು ವಿ.ಕೆ.ಆರ್.ವಿ. ರಾವ್. 37 ವಿಶ್ವವಿದ್ಯಾನಿಲಯಗಳಲ್ಲಿ 40 ಸಾವಿರ ವಿದ್ಯಾರ್ಥಿಗಳಿಂದ ಶುರುವಾಯಿತು. ಈಗ ಅದು ಲಕ್ಷಗಳ ಲೆಕ್ಕ. ಓದುವ ಹುಡುಗ ದೇಶದ ಹಳ್ಳಿ ನೋಡಲಿ, ಕೈ ಕೆಸರು ಮಾಡಿಕೊಳ್ಳಲಿ ಅನ್ನೋ ಆಸೆಯಲ್ಲಿ ತಪ್ಪೇನೂ ಇಲ್ಲ. ಅದರ ಧ್ಯೇಯವಾಕ್ಯ 'ನನಗಲ್ಲ, ನಿನಗೆ'. ನಮ್ಮ ಬ್ಯಾನರಿನ ಮೇಲೂ ಅದೇ ಇತ್ತು.

ನಾವು ಕೇಳುವುದು ಇಷ್ಟೇ. ಇಲ್ಲಿ ನಾನು ಯಾರು, ನೀನು ಯಾರು? ಓದಿದವನು ನಾನು, ಹಳ್ಳಿಯವನು ನೀನು ಅಂತ ಇಟ್ಟುಕೊಂಡು ಬರೆದ ಮಾತು ಅದು. ಕೇರಿಯ ಹುಡುಗ ಕಾಲೇಜಿಗೆ ಬಂದು ಕೂರುತ್ತಾನೆ ಅಂತ ಬರೆದವರು ಎಣಿಸಿರಲಿಕ್ಕಿಲ್ಲ. ಅವನು ನಾನೂ ಹೌದು, ನೀನೂ ಹೌದು. ತನ್ನ ಅವ್ವನ ಮುಂದೆ ಫಾರಂ ಹಿಡಿದು ನಿಂತು, ನಿಮ್ಮ ಮನೆಯಲ್ಲಿ ಶೌಚಾಲಯ ಇದೆಯೇ ಅಂತ ಕೇಳಬೇಕಾದವನು.

ಗಾಂಧಿ ಹಳ್ಳಿಯಲ್ಲಿ ದೇಶದ ಆತ್ಮ ಕಂಡರು. ಅಂಬೇಡ್ಕರ್ 4 ನವೆಂಬರ್ 1948ರಂದು ಸಂವಿಧಾನ ಸಭೆಯಲ್ಲಿ ಎದ್ದು ನಿಂತು, ಹಳ್ಳಿ ಅನ್ನೋದು ಸಂಕುಚಿತತನದ, ಅಜ್ಞಾನದ, ಜಾತಿವೈರದ ಗೂಡು ಅನ್ನುವ ಅರ್ಥದ ಮಾತಾಡಿದರು. ಸಂವಿಧಾನದ ಘಟಕ ವ್ಯಕ್ತಿ, ಹಳ್ಳಿಯಲ್ಲ ಅಂತ ಸಂತೋಷಪಟ್ಟರು. ಶಿಬಿರದ ಸಂಜೆಯ ಭಾಷಣಗಳಲ್ಲಿ ಮೊದಲನೇ ಮಾತು ಏಳು ದಿನವೂ ಕೇಳಿದೆವು. ಎರಡನೇ ಮಾತು ಒಂದು ದಿನವೂ ಕೇಳಲಿಲ್ಲ.

*

ಶಿಬಿರದಲ್ಲಿ ನಡೆದದ್ದು ಇಷ್ಟು.

ಬೆಳಗ್ಗೆ ಶ್ರಮದಾನ. ಶಾಲೆಯಿಂದ ದೇವಸ್ಥಾನದವರೆಗೆ ಬೀದಿ ಗುಡಿಸಿದೆವು. ಕೇರಿ ಇದ್ದದ್ದು ದೇವಸ್ಥಾನದಿಂದ ಆಚೆ, ಕೆರೆ ಏರಿಯ ಕೆಳಗೆ. ಅಲ್ಲಿಗೆ ಟೈಮಿಲ್ಲ ಅಂದರು. ಮೂರನೇ ದಿನ ಚರಂಡಿ ಎತ್ತೋ ಕೆಲಸ ಬಂತು. ಯಾರು ಇಳೀತೀರಿ ಅಂತ ಒಂದು ದನಿ ಕೇಳಿತು. ಯಾರೂ ಯಾರ ಹೆಸರನ್ನೂ ಹೇಳಲಿಲ್ಲ. ಆದರೆ ಎಲ್ಲರ ಕಣ್ಣು ನಮ್ಮ ಕಡೆಗೇ ತಿರುಗಿತು. ನಮ್ಮಲ್ಲಿ ನಾಲ್ಕು ಜನ ಇಳಿದೆವು. ಸಂಜೆ ಆ ನಾಲ್ವರಿಗೆ ಚಪ್ಪಾಳೆ ತಟ್ಟಿದರು.

ಮಧ್ಯಾಹ್ನ ಸರ್ವೆ. ನಮ್ಮ ಜೊತೆಯ ಒಬ್ಬ ಹುಡುಗಿ ಊರ ಒಳಗಿನ ಒಂದು ಮನೆಗೆ ಫಾರಂ ಹಿಡಿದು ಹೋದಳು. ಬಿಸಿಲು. ಆ ಮನೆಯ ಅಜ್ಜಿ ಒಳ್ಳೆಯವಳೇ. ಕೂರಮ್ಮ, ನೀರು ಕುಡೀತೀಯಾ ಅಂತ ಲೋಟ ತಂದಳು.

"ಯಾವೂರಮ್ಮ ನಿಮ್ದು?"

"ಊರಿಗಾಂ ಅಜ್ಜಿ."

"ಊರಿಗಾಂ ಅಂದ್ರೆ... ಲೈನಾ?"

"ಹೂಂ, ಲೈನು."

ಲೋಟ ಒಳಗೆ ಹೋಯಿತು. ಚೊಂಬು ಬಂತು. ಬೊಗಸೆ ಹಿಡಿಯಮ್ಮ ಅಂದಳು ಅಜ್ಜಿ. ಸಿಟ್ಟಿಲ್ಲ, ಬೈಗುಳವಿಲ್ಲ. ಮಗುವಿಗೆ ಹೇಳುವಂಥ ದನಿಯಲ್ಲೇ ಹೇಳಿದಳು. ಲೈನು ಅನ್ನೋ ಮಾತು ನಮ್ಮ ಸೀಮೆಯಲ್ಲಿ ಒಂದು ವಿಳಾಸ ಮಾತ್ರ ಅಂತ ನಾವು ತಿಳಿದಿದ್ದೆವು. ಊರಿನವರಿಗೆ ಅದು ಜಾತಿಯ ಹೆಸರು. ಹುಡುಗಿ ನೀರು ಕುಡಿಯಲಿಲ್ಲ. ಫಾರಂನಲ್ಲಿ ಒಂಬತ್ತನೇ ಪ್ರಶ್ನೆ ಹೀಗಿತ್ತು: ಕುಡಿಯುವ ನೀರಿನ ಸೌಲಭ್ಯ ಇದೆಯೇ? ಇದೆ ಅನ್ನೋದಕ್ಕೆ ಅವಳು ಗುರುತು ಹಾಕಿಕೊಂಡು ಬಂದಳು. ಬೇರೆ ಏನು ಹಾಕಬೇಕಿತ್ತು ಅಂತ ರಾತ್ರಿ ನಮ್ಮನ್ನು ಕೇಳಿದಳು. ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಐದನೇ ದಿನ ಕೇರಿಯ ಸರದಿ ಬಂತು. ಅಲ್ಲಿ ಒಬ್ಬ ತಾತ. ಮನೆ ಮುಂದೆ ಕೂತು ಹಗ್ಗ ಹೊಸೆಯುತ್ತಿದ್ದ.

"ಜಮೀನು ಇದ್ಯಾ ತಾತ?"

"ಇಲ್ಲ ಅಂತ ಬರ್ಕೋ."

ಇಲ್ಲ ಅನ್ನೋದಕ್ಕೆ ಗುರುತು ಬಿತ್ತು. ಮುಂದಿನ ಪ್ರಶ್ನೆ ಕೇಳೋ ಹೊತ್ತಿಗೆ ತಾತ ಹಗ್ಗ ನಿಲ್ಲಿಸಿದ.

"ಇತ್ತು ಅಂತ ಬರ್ಕೊಳ್ಳೋಕೆ ನಿನ್ನ ಕಾಗದದಾಗೆ ಜಾಗ ಇದ್ಯೇನಪ್ಪಾ?"

ಜಾಗ ಇರಲಿಲ್ಲ. ಕಾಲಂ ಎರಡೇ, ಇದೆ ಮತ್ತು ಇಲ್ಲ. ತಾತ ಒಳಗಿನಿಂದ ತಗಡಿನ ಟ್ರಂಕು ತಂದ. ಅದರ ತಳದಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಸಾಗುವಳಿ ಚೀಟಿ. ಅವನ ಅಪ್ಪನಿಗೆ ದರಖಾಸ್ತಿನಲ್ಲಿ ಸರ್ಕಾರ ಕೊಟ್ಟ ಎರಡು ಎಕರೆ. ಇಷ್ಟು ವರ್ಷ ಪರಭಾರೆ ಮಾಡಕೂಡದು ಅನ್ನೋ ಷರತ್ತು ಅದರಲ್ಲೇ ಅಚ್ಚಾಗಿದೆ. ಆ ಅವಧಿ ಮುಗಿಯೋದಕ್ಕೆ ಮುಂಚೆಯೇ ತಂಗಿ ಮದುವೆಗೆ ಅಂತ ಊರ ದೊಡ್ಡ ಮನೆಯಿಂದ ಅಪ್ಪ ಸಾಲ ತಂದ. ಹೆಬ್ಬೆಟ್ಟು ಒತ್ತಿದ. ಒತ್ತೆ ಅಂತ ತಿಳಿದು ಒತ್ತಿದ ಕಾಗದ ಕ್ರಯಪತ್ರ ಆಗಿತ್ತು. ಈಗ ಆ ಎರಡು ಎಕರೆಯಲ್ಲಿ ಬೋರ್‌ವೆಲ್ ಇದೆ, ಟೊಮೇಟೊ ಇದೆ. ತಾತನ ಸೊಸೆ ಅಲ್ಲೇ ಟೊಮೇಟೊ ಬಿಡಿಸೋಕೆ ದಿನಗೂಲಿಗೆ ಹೋಗುತ್ತಾಳೆ.

ನಮ್ಮ ಶಿಬಿರದ ವರದಿಯಲ್ಲಿ ಆ ಮನೆ ಭೂರಹಿತ ಕುಟುಂಬ. ಭೂರಹಿತ! ಹುಟ್ಟಾ ಕುಂಟನಾದವನು, ಕಾಲು ಕಡಿಸಿಕೊಂಡವನು ಇಬ್ಬರನ್ನೂ ಒಂದೇ ಪಟ್ಟಿಯಲ್ಲಿ ಬರೆದ ಹಾಗೆ. ಒಂದು ಗುರುತು ಹಾಕಿ ನಾವು ಆ ಕ್ರಯಪತ್ರಕ್ಕೆ ಸಾಕ್ಷಿ ಹಾಕಿದಂತಾಯಿತು. ವಾರೆನ್ ಕಾಲದಿಂದ ನಡೆದು ಬಂದದ್ದೂ ಇದೇ. ಬರಕೊಂಡವರು ಸುಳ್ಳು ಬರೆಯಲಿಲ್ಲ. ತಾವು ಹುಡುಕಿಕೊಂಡು ಬಂದದ್ದನ್ನು ಮಾತ್ರ ಬರೆದರು. ಕೇರಿಗೆ ಹೇಳಬೇಕಾದದ್ದು ಕಾಲಮ್ಮಿನ ಆಚೆ ಉಳಿಯಿತು.

*

ಕಾನೂನು ಗೊತ್ತಿದ್ದರೆ ನಾವು ಆವತ್ತೇ ಬೇರೆ ಮಾತಾಡುತ್ತಿದ್ದೆವು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಷರತ್ತು ಮುರಿದು ಪರಭಾರೆ ಮಾಡಿದರೆ ಅದು ಊರ್ಜಿತವಲ್ಲ ಅಂತ ಹೇಳುವ ಕಾಯ್ದೆ ಕರ್ನಾಟಕದಲ್ಲಿ 1978ರಲ್ಲೇ ಬಂದಿದೆ. ಜನರ ಬಾಯಲ್ಲಿ ಅದು ಪಿ.ಟಿ.ಸಿ.ಎಲ್. ಕಾಯ್ದೆ. ಮೂಲ ಮಂಜೂರಿದಾರನ ವಾರಸುದಾರರು ಉಪವಿಭಾಗಾಧಿಕಾರಿಗೆ ಅರ್ಜಿ ಕೊಟ್ಟು ಜಮೀನು ವಾಪಸ್ಸು ಕೇಳಬಹುದು. ತಡವಾಗಿ ಬಂದಿರಿ ಅಂತ ಹೇಳಿ 2017ರಿಂದ ಈಚೆಗೆ ಎಷ್ಟೋ ಅರ್ಜಿಗಳು ಬಿದ್ದುಹೋದವು. ಆ ವರ್ಷ ಸುಪ್ರೀಂ ಕೋರ್ಟು ಸಮಂಜಸವಾದ ಅವಧಿಯೊಳಗೆ ಬರಬೇಕು ಅಂದಿತ್ತು. ದಲಿತ ಸಂಘಟನೆಗಳು ಬೀದಿಗಿಳಿದವು. 2023ರಲ್ಲಿ ವಿಧಾನಮಂಡಲ ಕಾಯ್ದೆಗೆ ತಿದ್ದುಪಡಿ ತಂದು ಕಾಲಮಿತಿಯ ಅಡ್ಡಿ ತೆಗೆಯಿತು. ಒಂದು ಎಚ್ಚರಿಕೆ: ತೋಟಿ, ತಳವಾರ, ನೀರಗಂಟಿಗಳ ಇನಾಂ ಜಮೀನು ಈ ಕಾಯ್ದೆಗೆ ಬರುವುದಿಲ್ಲ. ಅದಕ್ಕೆ 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಬೇರೆ ಇದೆ. ಎರಡನ್ನೂ ಕಲಸಿದರೆ ಅರ್ಜಿ ಮೊದಲ ದಿನವೇ ಬೀಳುತ್ತೆ.

ಇದನ್ನೆಲ್ಲ ತಿಳಕೊಂಡ ಮೇಲೆ ನಾವು ನಾಲ್ಕು ಜನ ಒಂದು ಭಾನುವಾರ ಆ ಹಳ್ಳಿಗೆ ತಿರುಗಿ ಹೋದೆವು. ಬ್ಯಾನರಿಲ್ಲ, ಫಾರಂ ಇಲ್ಲ. ಈ ಸಲ ಕೇರಿಯಲ್ಲೇ ಉಂಡು ಅಲ್ಲೇ ಮಲಗಿದೆವು. ರಾತ್ರಿ ತಾತ ಮಾತಾಡಿದ, ಪಕ್ಕದ ಮನೆಯವರೂ ಬಂದು ಮಾತಾಡಿದರು. ಅಂಥ ಚೀಟಿ ಆ ಕೇರಿಯಲ್ಲಿ ಒಂದೇ ಇರಲಿಲ್ಲ. ಏಳು ದಿನದಲ್ಲಿ ಐವತ್ತು ಮಂದಿಗೆ ಗೊತ್ತಾಗದ ಸಂಗತಿ ಒಂದು ರಾತ್ರಿಯಲ್ಲಿ ನಾಲ್ಕು ಮಂದಿಗೆ ಗೊತ್ತಾಯಿತು. ಪಹಣಿ, ಮ್ಯುಟೇಶನ್ ನಕಲು ತೆಗೆಸಿ ಅರ್ಜಿ ಬರೆದೆವು. ತಾತ ಸಹಿ ಬೇಡ ಅಂದ, ಅಪ್ಪ ಒತ್ತಿದ ಹೆಬ್ಬೆಟ್ಟನ್ನೇ ನಾನೂ ಒತ್ತುತ್ತೀನಿ ಅಂತ ಒತ್ತಿದ. ಅರ್ಜಿ ಹೋಗಿದೆ. ಇದನ್ನು ಬರೆಯುವ ಹೊತ್ತಿಗೆ ತೀರ್ಮಾನ ಆಗಿಲ್ಲ. ಆಗುತ್ತೆ ಅಂತ ನಾವು ಯಾರಿಗೂ ಮಾತು ಕೊಟ್ಟಿಲ್ಲ.

ಹಳ್ಳಿಗೆ ಹೋಗಬೇಡಿ ಅನ್ನೋದು ನಮ್ಮ ವಾದವಲ್ಲ. ಹೋಗಲೇಬೇಕು. ಗಣಿ 28 ಫೆಬ್ರವರಿ 2001ರಂದು ಮುಚ್ಚಿತು. 1956ರಲ್ಲಿ ಮೈಸೂರು ಸರ್ಕಾರ ವಹಿಸಿಕೊಂಡು, 1972ರಿಂದ ಭಾರತ್ ಗೋಲ್ಡ್ ಮೈನ್ಸ್ ಅಂತ ನಡೆಸಿದ್ದು ಅಲ್ಲಿಗೆ ಮುಗಿಯಿತು. ಲೈನಿನ ಮಕ್ಕಳು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯೋಕೆ ಹೋಗುತ್ತಾರೆ. ಅದೇ ರೈಲಿಗೆ ಬಂಗಾರಪೇಟೆಯಲ್ಲಿ ಕೇರಿಯ ಮಕ್ಕಳು ಹತ್ತುತ್ತಾರೆ. ಮುತ್ತಾತ ಬಿಟ್ಟು ಬಂದ ಹಳ್ಳಿ, ಮೊಮ್ಮಗ ದಿನಾ ಬಿಟ್ಟು ಹೋಗುವ ಹಳ್ಳಿ ಎರಡನ್ನೂ ಒಟ್ಟಿಗೆ ಇಟ್ಟು ನೋಡುವ ಶಕ್ತಿ ನಮ್ಮ ತಲೆಮಾರಿಗೆ ಮಾತ್ರ ಇದೆ.

ಆದ್ದರಿಂದ ಶಿಬಿರ ನಡೆಸುವ ಮೇಷ್ಟರುಗಳಿಗೆ, ಶಿಬಿರಕ್ಕೆ ಹೋಗುವ ತಮ್ಮ ತಂಗಿಯರಿಗೆ ನಮ್ಮದು ಕೆಲವೇ ಮಾತು. ಬಿಡಾರ ಕೇರಿಯಲ್ಲಿ ಹೂಡಿ. ಆಗುವುದಿಲ್ಲ ಅಂತ ಯಾರಾದರೂ ಅಂದರೆ ಯಾಕೆ ಆಗುವುದಿಲ್ಲ ಅನ್ನೋದೇ ನಿಮ್ಮ ಮೊದಲ ದಿನದ ಅಧ್ಯಯನ. ಚರಂಡಿಗೆ ಇಳಿಯುವ ಸರದಿ ಚೀಟಿ ಎತ್ತಿ ತೀರ್ಮಾನಿಸಿ, ಕಣ್ಣಿನಿಂದಲ್ಲ. ಇದೆಯೇ ಅಂತ ಕೇಳಿದ ಮೇಲೆ ಇತ್ತೇ ಅಂತ ಕೇಳಿ. ಇತ್ತು ಅಂದರೆ ಯಾರ ಕೈಗೆ ಹೋಯಿತು, ಯಾವ ಕಾಗದದ ಮೇಲೆ ಹೋಯಿತು ಅಂತ ಕೇಳಿ. ನೀರು ಇದೆಯೇ ಅಂತ ಕೇಳುವುದಷ್ಟೇ ಅಲ್ಲ, ಯಾರಿಗೆ ಲೋಟದಲ್ಲಿ, ಯಾರಿಗೆ ಬೊಗಸೆಯಲ್ಲಿ ಅಂತ ನೋಡಿ ಬರೆಯಿರಿ. ಬರೆದದ್ದನ್ನು ಹೊರಡುವ ಮುಂಚೆ ಹೇಳಿದವರ ಮುಂದೆ ಓದಿ, ತಪ್ಪಿದ್ದರೆ ಅವರೇ ತಿದ್ದಲಿ. ಒಂದು ಪ್ರತಿ ಕೇರಿಯಲ್ಲೇ ಬಿಟ್ಟು ಬನ್ನಿ. ಮತ್ತೆ ತಿರುಗಿ ಹೋಗಿ.

ಕೇರಿಯಲ್ಲಿ ಮಲಗಿದ ಆ ರಾತ್ರಿ ಕಳೆದು ಬೆಳಗ್ಗೆ ನಾವು ಹೊರಡುವಾಗ ತಾತನ ಸೊಸೆ ಕೂಲಿಗೆ ಹೊರಟಿದ್ದಳು. ಟೊಮೇಟೊ ತೋಟದ ದಾರಿವರೆಗೆ ಜೊತೆಗೇ ನಡೆದೆವು. ತೋಟ ಬಂತು. ಅವಳು ನಿಂತಳು.

"ಬರ್ಕೊಂಡು ಹೋದೋರು ಸುಮಾರು ಜನ ಕಣಪ್ಪಾ. ತಿರುಗಿ ಬಂದೋರು ನೀವೇ. ಇನ್ನೊಂದ್ಸಲ ಬಂದಾಗ ಏನಾಯ್ತು ಅಂತ ಹೇಳೋಕೆ ಬರ್ತೀರೋ, ಇನ್ನೂ ಬರ್ಕೊಳ್ಳೋಕೆ ಬರ್ತೀರೋ?"

ಹೇಳೋಕೆ ಬರ್ತೀವಿ ಅಕ್ಕಾ ಅಂದೆವು. ಅವಳು ಸೆರಗು ಸಿಕ್ಕಿಸಿಕೊಂಡು ಬೇಲಿ ದಾಟಿ ಒಳಗೆ ಹೋದಳು, ಅವರದೇ ಹೊಲಕ್ಕೆ, ಕೂಲಿಗೆ.